ಒಲೆಯ ಕೆಳಗಿನ ಗಡಿ

ನಡೆದದ್ದು ಇಷ್ಟೇ. ನನ್ನ ಮೈದುನ ನನ್ನ ಅಡುಗೆಮನೆಯನ್ನು ಆಂಧ್ರಕ್ಕೆ ಕೊಟ್ಟುಬಿಟ್ಟ. ಊರಿನವರು ಇದಕ್ಕೆ ಬಣ್ಣ ಹಚ್ಚುತ್ತಿದ್ದಾರೆ. ಪಾಪ, ಸತ್ಯವಂತ ಅನ್ನುವವರಿದ್ದಾರೆ. ವಯಸ್ಸಾಯಿತು, ತಲೆ ನಿಲ್ಲುವುದಿಲ್ಲ ಅನ್ನುವವರೂ ಇದ್ದಾರೆ. ಎರಡೂ ಅಲ್ಲ. ಅವನ ತಲೆ ಮೊದಲಿನಿಂದಲೂ ಹೀಗೆಯೇ. ಮನೆಗೆ ಹಕ್ಕುಪತ್ರ ಕೊಡಬೇಕೆಂದು ಅಳೆಯಲು ಬಂದಿದ್ದ ಸರ್ಕಾರದವರನ್ನು ನೇರವಾಗಿ ನನ್ನ ಒಲೆಯ ಹತ್ತಿರ ಕರೆದುಕೊಂಡು ಹೋಗಿ, ‘ಇಲ್ಲೈತೆ ನೋಡಿ’ ಅಂದವನು ಅವನು. ಈಗ ನನ್ನ ನಡುಮನೆ ಕರ್ನಾಟಕದಲ್ಲಿದೆ, ಅಡುಗೆಮನೆ ಬಚ್ಚಲುಮನೆ ಎರಡೂ ಆಂಧ್ರದಲ್ಲಿವೆ. ಮುದ್ದೆ ತಿರುವಲು ಒಂದು ರಾಜ್ಯ, ಕೂತು ಉಣ್ಣಲು ಇನ್ನೊಂದು ರಾಜ್ಯ! ಇಂಥ ದೊಡ್ಡ ಸಂಸಾರ ಯಾವ ಮಹಾರಾಣಿಗಿತ್ತು ಹೇಳಿ?

ಆ ಹಕ್ಕುಪತ್ರಕ್ಕೆ ನಾನು ಎಷ್ಟು ವರ್ಷದಿಂದ ಕಾದಿದ್ದೆ ಅನ್ನುವುದು ಪಾವಗಡದ ತಾಲ್ಲೂಕು ಆಫೀಸಿನ ಬೆಂಚಿಗೆ ಗೊತ್ತು. ಮನೆಯಲ್ಲಿ ಇರುವುದು ನಾನು, ಗಂಡನನ್ನು ಕಳೆದುಕೊಂಡ ದೊಡ್ಡ ಮಗಳು, ಅವಳ ಮಗಳು. ನಾನು ಕಣ್ಣು ಮುಚ್ಚುವ ಮೊದಲು ಅವರ ತಲೆಯ ಮೇಲಿನ ಸೂರಿಗೆ ಒಂದು ಕಾಗದ ಆಗಬೇಕು. ನನಗಿದ್ದ ಆಸೆ ಅದೊಂದೇ.

ನಮ್ಮ ಕಡೆಯನ್ನು ಕಾಣದವರಿಗೆ ಸ್ವಲ್ಪ ಹೇಳಬೇಕು. ನಮ್ಮದು ಪಾವಗಡ ತಾಲ್ಲೂಕಿನ ಅಂಚಿನ ಹಳ್ಳಿ. ಪಾವಗಡವೆಂದರೆ ಬಟ್ಟೆಯಿಂದ ಹರಿದು ಜೋತುಬಿದ್ದ ಜೇಬಿನ ಹಾಗೆ, ಸುತ್ತಲೂ ಆಂಧ್ರ. ನನ್ನ ತೌರು ಬಡವನಹಳ್ಳಿ ಕಡೆ. ಮದುವೆಯಾಗಿ ಬರುವಾಗ ಮಧುಗಿರಿ ದಾಟಿದ ಬಸ್ಸು ಆಂಧ್ರದೊಳಕ್ಕೆ ಹೋಗಿ ಮತ್ತೆ ನಮ್ಮ ನೆಲಕ್ಕೆ ಬಂದದ್ದು ನೋಡಿ, ಡ್ರೈವರನಿಗೆ ದಾರಿ ತಪ್ಪಿದೆ ಅಂದುಕೊಂಡಿದ್ದೆ.

ಯಾಕೆ ಹೀಗೆ ಎಂದು ಕೇಳಿದರೆ ನನ್ನ ಮೈದುನ ಬೆಳಗಿನಿಂದ ಸಂಜೆಯವರೆಗೆ ಹೇಳುತ್ತಾನೆ. ನಾನು ಒಂದು ಉಸಿರಿನಲ್ಲಿ ಹೇಳಿಬಿಡುತ್ತೇನೆ. ಮೊದಲು ಪಾಳೇಗಾರರಿದ್ದರಂತೆ, ಯಾರ ಕೈಯಲ್ಲಿ ಯಾವ ಬೆಟ್ಟವೋ, ಅದರ ನೆರಳು ಬೀಳುವ ಊರೆಲ್ಲ ಅವರದು. ಆಮೇಲೆ ಸಿರಾದಲ್ಲಿ ಸುಬೇದಾರರು ಕೂತರು, ಶ್ರೀರಂಗಪಟ್ಟಣದವರು ಬಂದರು, ಕೊನೆಗೆ ಬಿಳಿಯರು ಬಂದರು. ಬಿಳಿಯರು ಒಂದಷ್ಟು ನೆಲವನ್ನು ಮೈಸೂರು ಮಹಾರಾಜರಿಗೆ ಬಿಟ್ಟು, ಒಂದಷ್ಟನ್ನು ಮದ್ರಾಸಿಗೆ ಸೇರಿಸಿ ತಾವೇ ಇಟ್ಟುಕೊಂಡರು. ನಡುವೆ ಗೆರೆ, ಗೆರೆಯ ಮೇಲೆ ಕಲ್ಲು. ನಮ್ಮ ಊರು ಅದಕ್ಕೂ ಮೊದಲೇ ಇತ್ತು. ದನ ಅಟ್ಟಿಕೊಂಡು ಸಿರಾ ಕಡೆಯಿಂದ ಬಂದ ಕನ್ನಡದವರು, ಆ ಕಡೆಯಿಂದ ಬಂದ ತೆಲುಗಿನವರು ಸೇರಿ ಒಂದೇ ಕುಂಟೆಯ ನೀರು ನಂಬಿ ಕಟ್ಟಿಕೊಂಡ ಊರು. ಗೆರೆ ಎಳೆದ ಮಹಾನುಭಾವ ಆ ಕುಂಟೆಯಿಂದ ಒಂದು ಬಿಂದಿಗೆ ನೀರು ಹೊತ್ತವನಲ್ಲ. ಹೊತ್ತಿದ್ದರೆ ಗೆರೆಯನ್ನು ಊರಾಚೆ ಎಳೆಯುತ್ತಿದ್ದ.

ನಮ್ಮ ಮಾವ ಊರಿನ ತೋಟಿ. ಸರ್ಕಾರದ ಗಡಿ ಕಲ್ಲು ಕಾಯುವುದು, ವರ್ಷಕ್ಕೊಮ್ಮೆ ಜಮಾಬಂದಿಗೆ ಅಧಿಕಾರಿಗಳು ಬರುವ ಮುಂಚೆ ಅವಕ್ಕೆ ಸುಣ್ಣ ಬಳಿಯುವುದು ಅವರ ಕೆಲಸ. ಮಾವ ಹೋದರು, ತೋಟಿಕೆಯೂ ಹೋಯಿತು. ಮೈದುನ ಮಾತ್ರ ಬಿಡಲಿಲ್ಲ. ಯಾರೂ ಹೇಳದೆ, ಯಾರೂ ಕೇಳದೆ ಪ್ರತಿವರ್ಷ ಸುಣ್ಣದ ಬಕೆಟ್ಟು ಹಿಡಿದು ಗಡಿಯ ಉದ್ದಕ್ಕೂ ನಡೆಯುತ್ತಾನೆ. ಒಂದು ಸಲ ಕಲ್ಲಿಗೆ ಆತುಕೊಂಡು ಮಲಗಿದ್ದ ನನ್ನ ಎಮ್ಮೆಯ ಬೆನ್ನ ಮೇಲೂ ಒಂದು ಪಟ್ಟೆ ಎಳೆದಿದ್ದ. ಏನಯ್ಯಾ ಇದು ಅಂದರೆ, ಅರ್ಧ ಎಮ್ಮೆ ಗಡಿಯಾಚೆ ಇತ್ತು ಅಂದ. ಮದುವೆಯನ್ನೂ ಆಗಲಿಲ್ಲ. ಇಷ್ಟು ಕಲ್ಲುಗಳನ್ನು ನೋಡಿಕೊಳ್ಳುವವನಿಗೆ ಹೆಣ್ಣು ನೋಡಲು ಪುರುಸೊತ್ತು ಎಲ್ಲಿಯದು?

ಅವನ ಜೊತೆ ಬಸ್ಸಿನಲ್ಲಿ ಹೋಗುವುದು ನನ್ನ ಶತ್ರುವಿಗೂ ಬೇಡ. ಗಡಿ ಬಂದ ತಕ್ಷಣ ಎದ್ದು ನಿಂತು, ‘ಮದ್ರಾಸು ಬಂತು’ ಎಂದು ಇಡೀ ಬಸ್ಸಿಗೆ ಸಾರುತ್ತಾನೆ. ಮದ್ರಾಸು ಹೋಗಿ ಎಷ್ಟು ಕಾಲವಾಯಿತು ಎಂದು ಯಾರಾದರೂ ಹೇಳಿದರೆ, ಕಲ್ಲು ಅಲ್ಲೇ ಇದೆಯಲ್ಲ ಅನ್ನುತ್ತಾನೆ. ಬಾಯಲ್ಲಿ ಎಲೆ ಅಡಿಕೆ ಇದ್ದರೆ ಆ ಕಡೆಯ ನೆಲದಲ್ಲಿ ಉಗಿಯುವುದಿಲ್ಲ. ಇನ್ನೊಬ್ಬರ ಸರ್ಕಾರಕ್ಕೆ ಮರ್ಯಾದೆ ಕೊಡಬೇಕಂತೆ. ಕೆನ್ನೆ ಉಬ್ಬಿಸಿಕೊಂಡು ಕೂತು, ನಮ್ಮ ಕಲ್ಲು ದಾಟಿದ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ ಉಗಿಯುತ್ತಾನೆ. ನಮ್ಮ ಸರ್ಕಾರಕ್ಕೆ ಮರ್ಯಾದೆ ಬೇಡವೇ? ಒಂದು ಸಲ ಕಂಡಕ್ಟರ್ ಅವನನ್ನು ನೋಡಿ, ‘ಮದ್ರಾಸಿಗಾದ್ರೆ ಬೇರೆ ಟಿಕೆಟ್ ತಗೋಬೇಕು ತಾತ’ ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಇವನು ಬಾಯಿ ತುಂಬಿದ್ದರಿಂದ ಉತ್ತರ ಕೊಡಲಿಲ್ಲ.

ನನ್ನ ಚಿಕ್ಕ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಅಷ್ಟೇ. ಎಲ್ಲರೂ ಜಮೀನು, ದನ, ಗಂಡಿನ ಓದು ಕೇಳುತ್ತಿದ್ದರೆ, ಇವನು ಮುಂದೆ ಸರಿದು ಕೂತು, ನಿಮ್ಮ ಮನೆ ಮಹಾರಾಜರ ಕಡೆಯೋ ಕಂಪನಿ ಕಡೆಯೋ ಎಂದು ಕೇಳಿದ. ಗಂಡಿನ ಅಪ್ಪ ತೆಲುಗಿನವರು, ತಾಳ್ಮೆಯ ಮನುಷ್ಯ. ‘ಮಾಕು ನೀಳ್ಳು ಎಕ್ಕಡೊಸ್ತೇ ಅದೇ ಮಾ ರಾಜ್ಯಂ’ ಅಂದರು. ನೀರು ಎಲ್ಲಿ ಬರುತ್ತದೋ ಅದೇ ನಮ್ಮ ರಾಜ್ಯ ಎಂದು. ಆ ಸಂಬಂಧ ಕುದುರಿದ್ದು ಅವರ ತಾಳ್ಮೆಯಿಂದ, ನಮ್ಮ ಯೋಗ್ಯತೆಯಿಂದಲ್ಲ.

ಇದನ್ನೆಲ್ಲ ಸಹಿಸಿದ್ದೆ. ಮೊನ್ನೆಯದನ್ನು ಹೇಗೆ ಸಹಿಸಲಿ?

ಮನೆಗಳನ್ನು ಅಳೆಯಲು ಸರ್ವೆಯವರು ಬಂದರು. ಮೇಲೆ ಡ್ರೋನ್ ಹಾರಿಸಿದರು, ಕೆಳಗೆ ಕಂಬ ಇಟ್ಟರು. ಸರ್ವೆ ಮಾಡುವ ಮೇಡಂ ಒಳ್ಳೆಯ ಹೆಣ್ಣುಮಗಳು; ಬಿಸಿಲಲ್ಲಿ ನಿಂತವರಿಗೆ ನಾನೇ ಮಜ್ಜಿಗೆ ಕೊಟ್ಟೆ. ನನ್ನ ಹಿತ್ತಿಲಾಚೆ ಇರುವ ಗಡಿ ಕಲ್ಲಿನ ಹತ್ತಿರ ಬಂದಾಗ ಮೇಡಂ ಮುಖ ಗಂಟಾಯಿತು. ನಕಾಶೆಯಲ್ಲಿ ಇರುವ ಜಾಗಕ್ಕೂ ಕಲ್ಲು ಇರುವ ಜಾಗಕ್ಕೂ ಇಪ್ಪತ್ತು ಹೆಜ್ಜೆ ವ್ಯತ್ಯಾಸ. ಹಳೆಯ ನಕಾಶೆ ತಪ್ಪಿರಲೂಬಹುದು, ಯಾರಾದರೂ ಕಲ್ಲನ್ನು ಜರುಗಿಸಿದ್ದೀರಾ ಎಂದು ಕೇಳಿದರು. ನಾವು ಕಂಡಾಗಿನಿಂದ ಇಲ್ಲೇ ಇದೆ ಎಂದು ಊರಿನವರು ಹೇಳಿದರು. ಅದು ಸುಳ್ಳೂ ಅಲ್ಲ, ಅವರು ಕಂಡದ್ದೇ ಹಾಗೆ. ಮೇಡಂ ತಲೆಯಾಡಿಸಿ ಬರೆಯಲು ಪೆನ್ನು ತೆಗೆದರು. ಆಗ ಹಿಂದಿನಿಂದ ಇವನ ದನಿ.

‘ಇಲ್ಲ ಮೇಡಂ. ಇದು ಈ ಕಲ್ಲಿನ ಜಾಗ ಅಲ್ಲ. ನಾನೇ ಕಿತ್ತು ಇಲ್ಲಿಗೆ ತಂದು ನೆಟ್ಟಿದ್ದು.’

ಎಲ್ಲರೂ ತಿರುಗಿ ನೋಡಿದರು. ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಹಿಂದೆ ಗಡಿ ಕಲ್ಲು ನೆಡುವಾಗ ಗುಂಡಿಗೆ ಮೊದಲು ಇದ್ದಲು, ಮಡಕೆ ಚೂರು ಹಾಕಿ ತುಳಿಯುತ್ತಿದ್ದರಂತೆ. ಕಲ್ಲು ಹೋದರೂ ಇದ್ದಲು ಕೊಳೆಯುವುದಿಲ್ಲ, ಜಾಗ ತೋರಿಸುತ್ತದೆ. ತೋಟಿಯ ಮನೆಯ ಗಂಡಸರಿಗಷ್ಟೇ ಗೊತ್ತಿದ್ದ ಗುಟ್ಟು ಅದು. ಮೇಡಂಗೆ ಗೊತ್ತಿರಲಿಲ್ಲ, ಅವರ ಯಂತ್ರಕ್ಕೂ ಗೊತ್ತಿರಲಿಲ್ಲ. ಇವನೇ ಹೇಳಿಕೊಟ್ಟ! ಕಲ್ಲಿನ ಬುಡ ಅಗೆಸಿದರು, ಬರೀ ಕೆಮ್ಮಣ್ಣು.

‘ಇದ್ದಲು ಎಲ್ಲಿದೆ ಹಾಗಾದರೆ?’ ಎಂದರು ಮೇಡಂ.

‘ನಮ್ಮತ್ಗೆ ಒಲೆ ಕೆಳಗೈತೆ.’

ನನಗೆ ತಡೆಯಲಾಗಲಿಲ್ಲ. ‘ಒಲೆ ಕೆಳಗೆ ಇದ್ದಲು ಇಲ್ದೆ ಇನ್ನೇನಿರ್ತದೆ ಮೇಡಂ, ಮಲ್ಲಿಗೆ ಹೂವಾ?’ ಅಂದೆ. ಊರೆಲ್ಲ ನಕ್ಕಿತು, ಮೇಡಮ್ಮೂ ನಕ್ಕರು. ಗೆದ್ದೆ ಅಂದುಕೊಂಡೆ. ನಗದೇ ಇದ್ದವನು ಅವನೊಬ್ಬನೇ. ಹೋಗಿ ಹಾರೆ ತಂದ. ಒಲೆಯನ್ನು ಪಕ್ಕಕ್ಕೆ ಸರಿಸಿ, ಗಚ್ಚು ಒಡೆದು, ತೋಳಿನಷ್ಟು ಆಳ ಅಗೆದ. ಬಂತು ನೋಡಿ ಇದ್ದಲು, ಕರಿ ಮಡಕೆ ಚೂರುಗಳ ಜೊತೆ, ನಿನ್ನೆ ತುಂಬಿಟ್ಟ ಹಾಗೆ. ಇಷ್ಟು ವರ್ಷ ಬಿಳಿಯರ ಗಡಿಯ ಮೇಲೆ ಕೂತು ಸಾರು ಕುದಿಸಿದ್ದೇನೆ.

ಮೇಡಂ ನಗು ಹೋಯಿತು. ಕಂಡದ್ದನ್ನು ಬರೆಯದೆ ಇರುವಂತಿಲ್ಲ, ಸದ್ಯಕ್ಕೆ ಹಕ್ಕುಪತ್ರ ತಡೆಹಿಡಿಯಬೇಕಾಗುತ್ತದೆ ಎಂದರು. ಆಮೇಲೆ ಅವನ ಕಡೆ ತಿರುಗಿ, ಗಡಿ ಕಲ್ಲು ಕೀಳುವುದು ಅಪರಾಧ, ನಾಳೆ ಹತ್ತೂವರೆಗೆ ಪಾವಗಡದ ಆಫೀಸಿಗೆ ಬಂದು ಹೇಳಿಕೆ ಬರೆದುಕೊಡಬೇಕು, ಅದರ ಮುಂದೆ ಕೇಸು ಆಗುತ್ತದೋ ಏನೋ ತಮ್ಮ ಕೈಯಲ್ಲಿಲ್ಲ ಎಂದರು. ಅವನು ಕೈಮುಗಿದು ಬರುತ್ತೇನೆ ಅಂದ. ಮದುವೆಗೆ ಕರೆದ ಹಾಗೆ!

ಅವರು ಹೋದದ್ದೇ ತಡ, ನಾನು ಅವನ ಮನೆಯ ಜಗಲಿಗೆ ಹೋದೆ. ಬೈಯಬೇಕಾದದ್ದನ್ನೆಲ್ಲ ಬೈದೆ, ಇಲ್ಲಿ ಹೇಳುವಂಥದ್ದಲ್ಲ. ಅವನು ಕಂಬಕ್ಕೆ ಒರಗಿ ಕೂತು ಕೇಳಿಸಿಕೊಂಡ. ನನಗೆ ಉಸಿರು ಕಟ್ಟಿ ನಿಂತಾಗ ಕೇಳಿದೆ.

‘ಇವತ್ತು ಇಷ್ಟು ಸತ್ಯ ಹೇಳೋನು ಅವತ್ತು ಯಾಕ್ಲಾ ಕಿತ್ತೆ?’

 ಕೇಳಿದ ಮೇಲೆ ನನಗೇ ಹಳೆಯದು ನೆನಪಾಗತೊಡಗಿತು. ಪಾಲಾದಾಗ ನಮಗೆ ಸಿಕ್ಕಿದ್ದು ಊರಿನ ಕೊನೆಯ ಆ ತುಂಡು. ನಮ್ಮೆಜಮಾನರು ಗುಡಿಸಲು ಹಾಕಿದರು. ಆ ಕಡೆಯ ಕರಣಂ, ಅಂದರೆ ಅವರ ಶಾನುಭೋಗ, ಬಂದು, ಅರ್ಧ ಗುಡಿಸಲು ನಮ್ಮ ನೆಲದಲ್ಲಿದೆ, ಕಿತ್ತುಹಾಕಿ ಅಂದ. ನನಗೆ ಆಗ ಏಳು ತಿಂಗಳು. ಅಳುತ್ತಲೇ ಹೆರಿಗೆಗೆ ಬಡವನಹಳ್ಳಿಗೆ ಹೋದೆ. ದೊಡ್ಡ ಮಗಳನ್ನು ಎತ್ತಿಕೊಂಡು ವಾಪಸು ಬಂದಾಗ ಗುಡಿಸಲು ಇಡಿಯಾಗಿ ನಿಂತಿತ್ತು. ಪಕ್ಕದಲ್ಲಿದ್ದ ಕಲ್ಲು ಎಲ್ಲಿಗೆ ಹೋಯಿತು ಎಂದು ನೋಡುವ ಗೋಜಿಗೆ ನಾನು ಹೋಗಲಿಲ್ಲ; ಅಡುಗೆಮನೆ ಆಮೇಲೆ ಆ ಜಾಗದ ಮೇಲೆಯೇ ಎದ್ದಿತು. ಕರಣಂ ಹತ್ತಿರ ಮಾತಾಡಿ ಸರಿಮಾಡಿದೆ ಎಂದು ಎಜಮಾನರು ಹೇಳಿದರು. ಅವರು ಸಾಯುವವರೆಗೂ ಆ ಒಂದು ಮಾತಿಗಾಗಿ ಅವರ ನೂರು ತಪ್ಪು ಹೊಟ್ಟೆಗೆ ಹಾಕಿಕೊಂಡೆ.

ಮೈದುನ ಹೇಳಿದ.

‘ಅಣ್ಣ ಗುಡಿಸ್ಲು ಕೀಳಾಕೇ ಹೊಂಟಿದ್ದ ಅತ್ಗೆ. ಕೂಸೆತ್ಕೊಂಡು ಬಂದ್ರೆ ಎಲ್ಲಿ ಮಲಗ್ತೀಯ ನೀನು? ಅದಕ್ಕೇ ಕಲ್ಲು ಕಿತ್ಬುಟ್ಟೆ. ಕರಣಂ ತಿರುಗ ಬಂದು ಕಲ್ಲು ನೋಡ್ದ. ತಾನೇ ತಪ್ಪು ನೋಡಿದ್ನೇನೋ ಅಂತ ಹೊಂಟೋದ.’

‘ಮಾವಂಗೆ ಗೊತ್ತಿತ್ತಾ?’

‘ಅಪ್ಪಂಗೆ ಗೊತ್ತಾಗ್ದೆ ಇರ್ತದಾ? ಸಾಯೋಗಂಟ ನನ್ನ ಮಾತಾಡಿಸ್ಲಿಲ್ಲ.’

ಹೌದು, ಮಾವ ಅವನನ್ನು ಮಾತಾಡಿಸುತ್ತಿರಲಿಲ್ಲ. ಮಗ ಸೋಮಾರಿ ಎಂದು ಇರಬೇಕು ಅಂದುಕೊಂಡಿದ್ದೆ. ಅವರಿಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಊಟಕ್ಕಿಟ್ಟವಳು ನಾನೇ.

‘ನನಗೊಂದು ಮಾತು ಹೇಳೋಕೆ ಏನಾಗಿತ್ತು?’

‘ಅಣ್ಣ ಬ್ಯಾಡ ಅಂದಿದ್ದ. ನಾನೂ ಬುಟ್ಟೆ. ಒಂದ್ ಕಲ್ಲು ಕದ್ದೋನು ಮಿಕ್ಕವನ್ನಾದ್ರೂ ಕಾಯ್ಬೇಕಲ್ಲ ಅಂತ ಕಾಯ್ತಾ ಇದ್ದೆ. ಇವತ್ತು ಆವಮ್ಮ ಕೇಳ್ಬುಟ್ಳು.’

ನನ್ನ ಸಿಟ್ಟು ಇಳಿಯಿತು ಅಂದುಕೊಳ್ಳಬೇಡಿ. ಇನ್ನೂ ಏರಿತು. ಸತ್ತ ಗಂಡನ ಮೇಲೆ, ಮಾತಾಡಿಸದೆ ಹೋದ ಮಾವನ ಮೇಲೆ, ಆ ಕರಣಂ ಮೇಲೆ, ಗೆರೆ ಎಳೆದು ಹಡಗು ಹತ್ತಿದವನ ಮೇಲೆ. ಇವನ ಮೇಲೆ ಮಾತ್ರ ಏನೂ ಉಳಿದಿರಲಿಲ್ಲ, ಹುಡುಕಿದರೂ ಸಿಗಲಿಲ್ಲ. ನಾಳೆ ಎಷ್ಟು ಹೊತ್ತಿನ ಬಸ್ಸಿಗೆ ಹೊರಡುತ್ತೀಯ ಎಂದು ಕೇಳಿದೆ. ಒಂಬತ್ತರದ್ದು ಅಂದ. ಎದ್ದು ಬಂದೆ.

ಮಾರನೆಯ ದಿನ ಬೆಳಗ್ಗೆ ನಾನು ಆರೂವರೆಯ ಬಸ್ಸು ಹತ್ತಿದೆ. ಆಫೀಸಿನ ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ಕೂತಿದ್ದೆ. ಮೇಡಂ ಬಂದ ಮೇಲೆ, ಕಲ್ಲು ಕಿತ್ತವಳು ನಾನು, ನನ್ನ ಮೈದುನನಿಗೆ ಬುದ್ಧಿ ಸ್ವಲ್ಪ ಕಡಿಮೆ, ನನ್ನನ್ನು ಉಳಿಸಲು ತಾನು ಅನ್ನುತ್ತಿದ್ದಾನೆ ಎಂದು ಹೇಳಿದೆ. ಅವರು ನನ್ನ ಕೈಕಾಲುಗಳನ್ನು ನೋಡಿದರು.

‘ಅಷ್ಟು ದೊಡ್ಡ ಕಲ್ಲನ್ನ ನೀವು ಕಿತ್ರಾ ಅಜ್ಜಿ?’

‘ಆವಾಗ ನಂಗೆ ಇಪ್ಪತ್ತು ವರ್ಸ. ಕಾಗ್ದ ಕೊಡಿ.’

‘ಹಾಗಂತ ಬರ್ಕೊಟ್ರೆ ನಿಮ್ಮ ಹೆಸರಿಗೆ ಹಕ್ಕುಪತ್ರ ಸಿಗೋದು ಕಷ್ಟ. ಯೋಚನೆ ಮಾಡಿ.’

‘ಮಾಡ್ದೆ ಕಣಮ್ಮ. ಪೆನ್ನು ಕೊಡು.’

ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರದಲ್ಲಿ ಮೂರು ಸಾಲು ಬರೆದು, ಕೆಳಗೆ ರುಜು ಹಾಕಿದೆ. ಹೊರಗೆ ಬಂದರೆ ಗೇಟಿನ ಹತ್ತಿರ ಅವನು ನಿಂತಿದ್ದ. ಒಗೆದ ಅಂಗಿ, ಎಣ್ಣೆ ಹಚ್ಚಿದ ತಲೆ. ಕೈಯಲ್ಲಿ ಚೀಲ, ಅದರೊಳಗೆ ಒಂದು ಕಂಬಳಿ, ಒಂದು ಟವೆಲ್ಲು, ಒಂದು ಲೋಟ. ಜೈಲಿನಲ್ಲಿ ಲೋಟ ಕೊಡುತ್ತಾರೋ ಇಲ್ಲವೋ ಅಂತ ತಂದಿದ್ದನಂತೆ. ನಾನು ಚೀಲವನ್ನು ಅವನ ಕೈಯಿಂದ ಕಿತ್ತುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ.