ಸಾಬ್ರು ಹತ್ತಿದ ಹಡಗು

ಮನುಷ್ಯನಿಗೆ ದೊಡ್ಡ ಹೆಸರು ಬಂದರೆ ಎಂಥ ಫಜೀತಿ ಎನ್ನುವುದನ್ನು ಕೊಟ್ಟೂರಿನ ಯೂಸುಫ್ ಸಾಬರನ್ನೇ ಕೇಳಬೇಕು. ಬಸ್ ಸ್ಟ್ಯಾಂಡಿನ ಹಿಂದೆ ಅವರದು ಬೋರ್‌ವೆಲ್ ಮೋಟರುಗಳ ಅಂಗಡಿ. ಮೋಟರಿನ ವಿಷಯಕ್ಕೆ ಬಂದರೆ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಅಂಗಡಿಯವರಿಗೆಲ್ಲ ಸಾಬರ ಮಾತೇ ಸುಪ್ರೀಂ ಕೋರ್ಟು. ಸಾಬರು ಹಸಿರು ಬಣ್ಣದ ಮೋಟರ್ ತರಿಸಿದರೆ ಮರುವಾರ ಅಷ್ಟೂ ಊರಿನ ಅಂಗಡಿಗಳು ಹಸಿರು. ಸಾಬರು ಮೂಗು ಮುರಿದರೆ ಆ ಕಂಪನಿ ಗಂಟುಮೂಟೆ ಕಟ್ಟಬೇಕು. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಒಂದು ಬೇಸಿಗೆಯಲ್ಲಿ ಸೆಕೆ ತಾಳದೆ ಸಾಬರು ಮೀಸೆ ಬೋಳಿಸಿಕೊಂಡರು. ಇದರಲ್ಲೂ ಏನೋ ವ್ಯಾಪಾರದ ಮರ್ಮ ಇರಬೇಕೆಂದು ಕೂಡ್ಲಿಗಿಯ ಅಂಗಡಿಕಾರ ಮೈಲಪ್ಪ, ಗುಡೇಕೋಟೆ ಕಡೆಯ ಕುರಿಗಾರ ಮನೆತನದಿಂದ ಬಂದ ತನ್ನ ಭವ್ಯವಾದ ಹುರಿಮೀಸೆಯನ್ನು ಅದೇ ದಿನ ಸಂಜೆ ತೆಗೆಸಿಬಿಟ್ಟ. (ಅವನ ಹೆಂಡತಿ ಮೈಲಮ್ಮ ಯಾರೋ ಪರಪುರುಷ ಬಂದನೆಂದು ಬಾಗಿಲು ಹಾಕಿಕೊಂಡಳಂತೆ.)

ಇಂಥ ಸಾಬರ ಮಾತು ನಡೆಯದ ಜಾಗ ಭೂಮಂಡಲದಲ್ಲಿ ಒಂದೇ ಒಂದಿತ್ತು. ಅದು ಅವರ ಮನೆ.

ಆ ವರ್ಷ ಮೋಟರ್ ಕಂಪನಿಯವರಿಗೆ ಔದಾರ್ಯ ಉಕ್ಕಿ, ಚೆನ್ನಾಗಿ ವ್ಯಾಪಾರ ಮಾಡಿದ ಡೀಲರುಗಳಿಗೆಲ್ಲ ದಂಪತಿ ಸಮೇತ ಸಮುದ್ರಯಾನದ ಭಾಗ್ಯ ಕೊಟ್ಟರು. ಕಂಪನಿಯ ಗವಿಸಿದ್ದೇಶ್ ಟೈ ಕಟ್ಟಿಕೊಂಡು ಸಾಬರ ಮನೆಗೇ ಬಂದ. ಜಗಲಿಯ ಮೇಲೆ ಎರಡು ಬಣ್ಣದ ಚಿತ್ರ ಹರಡಿದ.

"ಹಡಗು ಎರಡು ಅದಾವ್ರಿ ಸಾಬ್ರ, ಎರಡೂ ಕೊಚ್ಚಿಯಿಂದ ಹೊರಡ್ತಾವ. ಇದು ದೊಡ್ಡದು. ಸಾವಿರಾರು ಜನ, ಮ್ಯಾಲೆ ಈಜುಕೊಳ, ಜಾರುಬಂಡಿ, ಸಿನಿಮಾ, ಡ್ಯಾನ್ಸು, ಒಂದು ಊರಿಗೆ ಊರೇ ನೀರಿನ ಮ್ಯಾಲೆ ಹೋದಂಗ. ಇನ್ನೊಂದು ಸಣ್ಣದು, ಆದ್ರ ಭಾರಿ ಲಗ್ಜುರಿ. ಕೆಲವೇ ರೂಮು, ಸದ್ದಿಲ್ಲ, ಗದ್ದಲಿಲ್ಲ. ನಿಮಗ್ಯಾವುದು ಬೇಕು ಶನಿವಾರದೊಳಗ ಹೇಳ್ರಿ."

"ಸಣ್ಣದು," ಎಂದರು ಸಾಬರು.

"ದೊಡ್ಡದು," ಎಂದರು ಬಾಗಿಲ ಮರೆಯಿಂದ ಅವರ ಬೇಗಂ ಗುಲ್ಜಾರ್ ಬೀ.

ಗವಿಸಿದ್ದೇಶ್ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಅವನಿಗೂ ಮದುವೆಯಾಗಿತ್ತು.

ಸಾಬರಿಗೆ ಸಣ್ಣ ಹಡಗೇ ಯಾಕೆ ಬೇಕಾಗಿತ್ತು ಎನ್ನುವುದನ್ನು ನಿಮ್ಮ ಕಿವಿಯಲ್ಲಿ ಹೇಳಿಬಿಡುತ್ತೇನೆ. ಮದುವೆಯಾಗಿ ಮೂವತ್ತು ವರ್ಷ ದಾಟಿದ್ದರೂ ಅವರು ಹೆಂಡತಿಯ ಜೊತೆ ಒಂದು ದಿನವೂ ಒಂಟಿಯಾಗಿ ಕೂತು ಮಾತಾಡಿರಲಿಲ್ಲ. ಮೊದಲು ಅಮ್ಮ, ತಂಗಿಯರು, ಆಮೇಲೆ ಮಕ್ಕಳು, ಈಗ ಮಗ ಇಶ್ತಿಯಾಕ, ಸೊಸೆ ಖುಷ್ನುಮಾ, ಮೊಮ್ಮಕ್ಕಳ ದಂಡು. ಬೀದಿಯಲ್ಲಿ ಹೊರಟರೆ ಸಾಬರು ಮುಂದೆ, ಬೇಗಂ ಹತ್ತು ಹೆಜ್ಜೆ ಹಿಂದೆ. ಅದು ಆ ಓಣಿಯ ಹಳೆಯ ಮರ್ಯಾದೆ. ಸ್ಕೂಟರಿನ ಮೇಲಾದರೂ ಹತ್ತಿರ ಕೂತರೇ ಎಂದರೆ, ನಡುವೆ ಸದಾ ಒಂದು ಮಗು, ಮಗು ಇಲ್ಲದಿದ್ದರೆ ಗಿರಣಿಗೆ ಹೊರಟ ಹಿಟ್ಟಿನ ಡಬ್ಬಿ. ಸಣ್ಣ ಹಡಗಿನ ಚಿತ್ರದಲ್ಲಿ ಎರಡೇ ಎರಡು ಕುರ್ಚಿ, ಎದುರಿಗೆ ಬರೀ ಸಮುದ್ರ ಇತ್ತು. ಅದನ್ನು ನೋಡಿದ ಮೇಲೆ ಅವರ ಮನಸ್ಸು ಅಲ್ಲೇ ಹೋಗಿ ಕೂತುಬಿಟ್ಟಿತ್ತು. ಆದರೆ ಇದನ್ನೆಲ್ಲ ಬಾಯಿಬಿಟ್ಟು ಹೇಳುವುದು ಗಂಡಸಿನ ಲಕ್ಷಣವೇ?

ರಾತ್ರಿ ಊಟದ ಹೊತ್ತಿಗೆ ಸಮರ ಶುರುವಾಯಿತು. (ಮನೆಯೊಳಗೆ ಇವರಾಡುವುದು ಉರ್ದು. ಜಗಳಕ್ಕೆ ಮಾತ್ರ ಕನ್ನಡ. ಗಂಡನನ್ನು ತರಾಟೆಗೆ ತೆಗೆದುಕೊಳ್ಳಲು ಕನ್ನಡದಷ್ಟು ಅನುಕೂಲದ ಭಾಷೆ ಇನ್ನೊಂದಿಲ್ಲ ಎಂದು ಗುಲ್ಜಾರ್ ಬೀಯವರ ಅಭಿಪ್ರಾಯ.)

"ಅಲ್ಲಲೇ, ಅಷ್ಟು ಜನದಾಗ ಏನೈತಿ? ಸಂತಿ ಇದ್ದಂಗ ಇರತೈತಿ."

"ನನಗ ಸಂತಿನೇ ಬೇಕ್ರಿ."

"ಊಟಕ್ಕ ಪಾಳಿ ಹಚ್ಚಬೇಕು."

"ಹಚ್ಚೋಣು. ಈ ಮನ್ಯಾಗ ಎಲ್ಲಾರ್ದೂ ಆದ ಮ್ಯಾಲೆ ಉಣ್ಣಾಕಿ ನಾನು. ಪಾಳಿ ನನಗೇನು ಹೊಸದಲ್ಲ."

"ಈ ವಯಸ್ಸಿನಾಗ ಜಾರುಬಂಡಿ ಆಡ್ತೀಯೇನು?"

"ಮನಸ್ಸಾದ್ರ ಆಡ್ತೀನಿ. ಕೆಳಗ ನೀವು ನಿಂತು ಹಿಡೀರಿ."

ಅಡಿಗೆ ಮನೆಯಲ್ಲಿ ಖುಷ್ನುಮಾ ಕಿಸಕ್ಕೆಂದಳು. ಸಾಬರು ಕೊನೆಯ ಅಸ್ತ್ರವಾಗಿ ತಮ್ಮ ವೃತ್ತಿಪಾಂಡಿತ್ಯವನ್ನು ಹೊರತೆಗೆದರು. "ನೋಡು, ದೊಡ್ಡದು ಅಂದ್ರ ಬರೀ ಸದ್ದು. ಸಣ್ಣ ಮೋಟ್ರು ನೋಡು, ನೀರಾಗ ಪೂರಾ ಮುಳುಗಿದ್ರೂ ತಣ್ಣಗ ತನ್ನ ಕೆಲಸ ತಾನು ಮಾಡತೈತಿ."

"ತೋಬಾ ತೋಬಾ! ಹಡಗಿನ ಮಾತಿನಾಗ ಮುಳುಗೋ ಮಾತು ಆಡ್ತೀರಲ್ರಿ!" ಎಂದು ಗುಲ್ಜಾರ್ ಬೀ ಕೆನ್ನೆ ತಟ್ಟಿಕೊಂಡರು. ಅಲ್ಲಿಗೆ ಆ ಸುತ್ತು ಸಾಬರ ಕೈಬಿಟ್ಟಿತು.

ಹಾಸಿಗೆಯ ಮೇಲೆ ಹೊರಳಾಡುತ್ತ ಸಾಬರು ನೊಂದುಕೊಂಡರು. ಗಂಡನ ಜೊತೆ ನಾಲ್ಕು ದಿನ ಒಂಟಿಯಾಗಿ ಕೂಡುವುದೆಂದರೆ ಇವಳಿಗೆ ಅಷ್ಟು ಬೇಸರವೇ? ಹರಟೆಗೆ ಜನ ಬೇಕು, ತಮಾಷೆ ಬೇಕು, ನಾನು ಮಾತ್ರ ಬೇಡ. ಹೀಗೆಲ್ಲ ಅನ್ನಿಸಿ ಅವರಿಗೆ ನಿಜಕ್ಕೂ ದುಃಖವಾಯಿತು.

ಶುಕ್ರವಾರ ನಮಾಜು ಮುಗಿಸಿ ಬರುವಾಗ ಒಂದು ಘನವಾದ ಯೋಚನೆ ಹೊಳೆಯಿತು. ಮೋಟರನ್ನು ಮಾರುವ ಮುಂಚೆ ನೀರಿಗಿಳಿಸಿ ತೋರಿಸುವುದು ಅವರ ಅಂಗಡಿಯ ಪದ್ಧತಿ. ಹಡಗಿಗೂ ಅದೇ ನ್ಯಾಯ. ಹಂಪಸಾಗರದ ಹೊಳೆಯಲ್ಲಿ ಹರಿಗೋಲಿನಲ್ಲಿ ಕೂಡಿಸಿ ಒಂದು ಸುತ್ತು ಹಾಕಿಸಿದರೆ, ಸಣ್ಣದರ ಸುಖ ಬೇಗಂಗೆ ತಾನೇ ತಿಳಿಯುತ್ತದೆ! ಸ್ಕೂಟರ್ ಹೊರಟಿತು. ಇವತ್ತಾದರೂ ನಡುವೆ ಯಾರೂ ಇಲ್ಲ ಎಂದು ಸಾಬರು ಹಿಗ್ಗುವಷ್ಟರಲ್ಲಿ ಖುಷ್ನುಮಾ ಓಡಿಬಂದು, "ಅಮ್ಮೀ, ಹಾದಿ ಮ್ಯಾಲೆ ನಮ್ಮ ತೌಹೀದಣ್ಣನ ಮನಿಗೆ ಇಷ್ಟು ಮುಟ್ಟಿಸಿಬಿಡ್ರಿ," ಎಂದು ಉಪ್ಪಿನಕಾಯಿ ಡಬ್ಬಿಯನ್ನು ಇಬ್ಬರ ನಡುವೆ ಪ್ರತಿಷ್ಠಾಪಿಸಿದಳು. ಅಣ್ಣನ ಮನೆಗೆ ಏನಾದರೂ ಕಳಿಸದೆ ಆ ಹುಡುಗಿಗೆ ನಿದ್ದೆ ಬರದು.

ಹೊಳೆಯೇನೋ ಚೆಂದವಿತ್ತು. ಹರಿಗೋಲು ನಿಧಾನಕ್ಕೆ ತಿರುಗುತ್ತ ನಡುನೀರಿಗೆ ಬಂತು. ಮೇಲೆ ಬೆಳ್ಳಕ್ಕಿ ಹಾರಿದವು.

"ನೋಡಿದೇನು? ಸಣ್ಣದ್ರಾಗ ಎಷ್ಟು ಸಮಾಧಾನ ಐತಿ! ನೀನು, ನಾನು, ನೀರು. ಮುಗೀತು."

ಗುಲ್ಜಾರ್ ಬೀ ಸೆರಗು ಸರಿಮಾಡಿಕೊಂಡು, ನೀರನ್ನೇ ನೋಡುತ್ತ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, "ಏನ್ರಿ, ನಾನು ದೊಡ್ಡ ಹಡಗು ಯಾಕ ಅಂದೆ ಗೊತ್ತೈತೇನು? ಅದೇನಂದ್ರ..." ಎಂದರು.

"ಸಾಬ್ರ!" ಎಂದು ಹುಟ್ಟು ಹಾಕುತ್ತಿದ್ದ ಅಂಜಿನೇಯಲು ಕೂಗಿಕೊಂಡ. "ಕೊಟ್ಟೂರು ಮೋಟ್ರು ಸಾಬ್ರಲ್ಲ ನೀವು! ಆಗಿಂದ ನೋಡಾಕ ಹತ್ತೀನಿ. ನಮ್ಮ ಮಾವನ ಹೊಲದಾಗಿರೋದು ನಿಮ್ಮ ಅಂಗಡಿ ಮೋಟ್ರೇ. ಮೊನ್ನಿಂದ ಗುಂಯ್ ಅಂತೈತಿ, ನೀರು ಎತ್ತವಲ್ದು. ಯಾಕಿರಬೇಕ್ರಿ?"

ಮೋಟರಿನ ಪ್ರಶ್ನೆಗೆ ಉತ್ತರ ಕೊಡದೆ ಬಿಡುವುದು ಸಾಬರ ರಕ್ತದಲ್ಲೇ ಇಲ್ಲ. "ಕೆಪಾಸಿಟರ್ ಹೋಗಿರಬೇಕು ನೋಡಪಾ," ಎಂದು ಶುರುಮಾಡಿದರು. ಕೆಪಾಸಿಟರಿನಿಂದ ಸ್ಟಾರ್ಟರಿಗೆ, ಸ್ಟಾರ್ಟರಿನಿಂದ ಕೇಬಲ್ಲಿಗೆ ಬರುವಷ್ಟರಲ್ಲಿ ದಂಡೆ ಬಂದಿತ್ತು.

"ನೀನೇನೋ ಹೇಳಾಕ ಹತ್ತಿದ್ದೆಲ್ಲ?" ಎಂದು ಇಳಿಯುವಾಗ ಕೇಳಿದರು.

"ಏನಿಲ್ಲ ಬಿಡ್ರಿ. ನಿಮ್ಮಿಷ್ಟ. ಸಣ್ಣದೇ ಬರಸ್ರಿ."

ಸಾಬರು ಇದನ್ನು ತಮ್ಮ ಜೀವನದ ಅತಿ ದೊಡ್ಡ ವಿಜಯವೆಂದು ಭಾವಿಸಿ ಅಲ್ಲಿಂದಲೇ ಗವಿಸಿದ್ದೇಶನಿಗೆ ಫೋನ್ ಮಾಡಿದರು.

ಆ ಸಂಜೆ ಅವರ ಫೋನಿಗೆ ಬಿಡುವೇ ಇರಲಿಲ್ಲ. ಮೊದಲು ಕೂಡ್ಲಿಗಿಯ ಮೈಲಪ್ಪ: "ಸಾಬ್ರ, ನೀವು ಯಾವುದು ಬರಸೀರಿ?" ಆಮೇಲೆ ಹರಪನಹಳ್ಳಿಯ ಶಿವಯೋಗಿ. ಆಮೇಲೆ ಹಡಗಲಿಯವರು, ಹಗರಿಬೊಮ್ಮನಹಳ್ಳಿಯವರು. ಗೆದ್ದ ಉಮೇದಿನಲ್ಲಿದ್ದ ಸಾಬರು ಪ್ರತಿಯೊಬ್ಬನಿಗೂ ದನಿ ತಗ್ಗಿಸಿ, "ನಿನಗಂತ ಹೇಳ್ತೀನಿ, ಯಾರ ಮುಂದೂ ಬಾಯಿ ಬಿಡಬ್ಯಾಡ. ದೊಡ್ಡದು ಬರೀ ಗದ್ದಲ. ತಿಳಿದವರು ಸಣ್ಣದು ಹತ್ತತಾರ," ಎಂದರು. ಆ ಮಹನೀಯರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಒಬ್ಬನೂ ಇನ್ನೊಬ್ಬನ ಮುಂದೆ ಬಾಯಿ ಬಿಡಲಿಲ್ಲ.

ಕೊಚ್ಚಿಯ ಬಂದರಿನಲ್ಲಿ ಸಣ್ಣ ಹಡಗು ಹಾಲಿನಲ್ಲಿ ತೊಳೆದಂತೆ ನಿಂತಿತ್ತು. ಸಾಬರು ಹೊಸ ಕೂಲಿಂಗ್ ಗ್ಲಾಸ್ ಏರಿಸಿದ್ದರು. ಗುಲ್ಜಾರ್ ಬೀ ರೂಢಿಯಂತೆ ಹತ್ತು ಹೆಜ್ಜೆ ಹಿಂದಿದ್ದರು.

"ಇಲ್ಲಿ ಯಾರದಾರ ನಮ್ಮ ಗುರ್ತಿನವರು? ಮುಂದಕ ಬಾ, ಜೋಡಿ ನಡಿ," ಎಂದು, ಫೋನಿನಲ್ಲಿ ಊರೂರಿಗೆ ತಾವೇ ಹಂಚಿದ ಉಪದೇಶವನ್ನು ಮರೆತೇಬಿಟ್ಟಿದ್ದ ಸಾಬರು ಧೈರ್ಯಮಾಡಿ ಕರೆದರು. ಬೇಗಂ ಒಂದು ಹೆಜ್ಜೆ ಮುಂದೆ ಬಂದರು. ಆಚೀಚೆ ನೋಡಿ ಇನ್ನೊಂದು ಹೆಜ್ಜೆ. ಇನ್ನೇನು ಪಕ್ಕಕ್ಕೆ ಬಂದೇಬಿಟ್ಟರು ಎನ್ನುವಾಗ,

"ಸಾಬ್ರೇ!"

ಅರ್ಧ ಮೀಸೆ ಬೆಳೆದ ಮೈಲಪ್ಪ ಎರಡೂ ಕೈ ಎತ್ತಿ ಓಡಿಬರುತ್ತಿದ್ದ. ಅವನ ಹಿಂದೆ ರೊಟ್ಟಿಯ ಗಂಟು ಹೊತ್ತ ಮೈಲಮ್ಮ. ಅವಳ ಹಿಂದೆ ಶಿವಯೋಗಿ, ಅವನ ಹೆಂಡತಿ ಸಂಗೀತಾ. ಅವರ ಹಿಂದೆ ಹಡಗಲಿ. ಹಡಗಲಿಯ ಹಿಂದೆ ಹಗರಿಬೊಮ್ಮನಹಳ್ಳಿ. ಕೊನೆಯಲ್ಲಿ ಗವಿಸಿದ್ದೇಶ್ ಆನಂದಬಾಷ್ಪ ಸುರಿಸುತ್ತ, "ದೊಡ್ಡ ಹಡಗಿಗೆ ನಮ್ಮ ಕಡಿಯವರು ಒಬ್ಬರೂ ಹೆಸರು ಕೊಡ್ಲಿಲ್ರಿ ಸಾಬ್ರ! ಸಣ್ಣ ಹಡಗು ಪೂರಾ ನಮ್ಮದೇ!" ಎಂದ.

ಗುಲ್ಜಾರ್ ಬೀ ಸದ್ದಿಲ್ಲದೆ ಹತ್ತು ಹೆಜ್ಜೆ ಹಿಂದೆ ಸರಿದರು.

ಮುಂದಿನದನ್ನು ಏನೆಂದು ಹೇಳಲಿ! ಸಣ್ಣ ಹಡಗಿನಲ್ಲಿ ಬೇಕಾದ ಸೌಕರ್ಯವಿತ್ತು, ಅಡಗಿಕೊಳ್ಳಲು ಜಾಗವೊಂದಿರಲಿಲ್ಲ. ಎರಡೇ ಕುರ್ಚಿಯ ಆ ಜಾಗಕ್ಕೆ ಸಾಬರು ಹೋಗಿ ಕೂತರೆ, ಇಲ್ಲೇ ಗಾಳಿ ಚಲೋ ಇರಬೇಕೆಂದು ಎಲ್ಲರೂ ಕುರ್ಚಿ ಎಳೆದುಕೊಂಡು ಬಂದು ಕೂತರು. ಕೋಣೆಯ ಬಾಗಿಲು ಹಾಕಿದರೆ ಟಕಟಕ ಬಡಿದು, "ಸಾಬ್ರೆ, ವಾರಂಟಿ ಮುಗಿದ ಮೋಟ್ರಿಗೆ ಕಂಪನಿಯವ್ರು ಏನಾರ ಮಾಡ್ತಾರಾ?" ಎಂದು ಶಿವಯೋಗಿ. ಬಿಳಿ ಟೋಪಿಯ ಬಾಣಸಿಗ ದೊಡ್ಡ ತಟ್ಟೆಯ ನಡುವೆ ಹೂವಿನಷ್ಟು ಊಟ ಇಟ್ಟು ಕಳಿಸಿದರೆ, ಮೈಲಮ್ಮ ಅದನ್ನು ರುಚಿ ನೋಡುವ ಕೊಸರೆಂದು ತಿಳಿದು, ಗಂಟು ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಂಚಿದಳು. ಸಂಜೆಯ ಹೊತ್ತಿಗೆ ಬಾಣಸಿಗನೇ ತಟ್ಟೆ ಹಿಡಿದು ಅವಳ ಮುಂದೆ ನಿಂತಿದ್ದ.

ಎಲ್ಲರೂ ನಗುತ್ತಿದ್ದರು. ಸಾಬರೊಬ್ಬರೇ ಮುಖ ಊದಿಸಿಕೊಂಡು ಕಂಬಿ ಹಿಡಿದು ನಿಂತರು. ಸೂರ್ಯ ಮುಳುಗುತ್ತಿದ್ದ. ಆಗ ದೂರದಲ್ಲಿ ಆ ದೊಡ್ಡ ಹಡಗು ದೀಪ ಹಚ್ಚಿಕೊಂಡು, ಹಾಡು ಹಾಕಿಕೊಂಡು ಹಾದುಹೋಯಿತು. ಗುಲ್ಜಾರ್ ಬೀ ಬಂದು ಪಕ್ಕದಲ್ಲಿ ನಿಂತರು.

"ಅಲ್ಲಿ ನೋಡ್ರಿ. ಸಾವಿರಾರು ಜನ. ಒಬ್ಬರಿಗೂ ನಮ್ಮ ಗುರ್ತಿಲ್ಲ. ಅಲ್ಲಿ ನೀವು ಸಾಬ್ರಲ್ಲ, ನಾನು ಅಮ್ಮಿ ಅಲ್ಲ, ಅತ್ತಿ ಅಲ್ಲ. ನಿಮ್ಮ ಕೈ ಹಿಡ್ಕೊಂಡು ಈ ತುದಿಯಿಂದ ಆ ತುದಿಗೆ ಅಡ್ಡಾಡಿದ್ರೂ ಯಾರೂ ತಿರುಗಿ ನೋಡ್ತಿರಲಿಲ್ಲ. ಅದಕ್ಕ ಅಂದಿದ್ದೆ, ನನಗ ಸಂತಿನೇ ಬೇಕು ಅಂತ."

ಸಾಬರು ಬೇಗಂ ಕಡೆ ತಿರುಗಿದರು. "ಮೊದ್ಲ ಯಾಕ ಹೇಳ್ಲಿಲ್ಲಲೇ?"

"ಮನ್ಯಾಗ ಹೇಳಾಕ ಸೊಸಿ ಇದ್ಲು. ಹೊಳ್ಯಾಗ ಹೇಳಾಕ ಹೋದ್ರ ನೀವು ಕೆಪಾಸಿಟರ್ ರಿಪೇರಿಗೆ ಕೂತ್ರಿ."

ಸಾಬರಿಗೆ ತಮ್ಮ ದಡ್ಡತನದ ಮೇಲೆ ಸಿಟ್ಟು, ಬೇಗಂ ಮೇಲೆ ಹೇಳಲಾಗದಷ್ಟು ಪ್ರೀತಿ, ಎರಡೂ ಒಟ್ಟಿಗೆ ಉಕ್ಕಿಬಂದವು. ಹಿಂದೆ ಮುಂದೆ ನೋಡದೆ ಅವರ ಕೈ ಹಿಡಿದುಬಿಟ್ಟರು.

ಹಿಂದೆ ಮುಂದೆ ನೋಡಬೇಕಾಗಿತ್ತು.

"ಸಾಬ್ರು ಕೈ ಹಿಡ್ಕೊಂಡ್ರು ನೋಡ್ಲೇ!" ಎಂದು ಮೈಲಪ್ಪ ಪಿಸುಗುಟ್ಟಿದ್ದು ಇಡೀ ಹಡಗಿಗೆ ಕೇಳಿಸಿತು. "ಸಮುದ್ರದಾಗ ಹಂಗ ಹಿಡ್ಕೊಬೇಕೇನೋ! ಬಾ ಇಲ್ಲಿ."

"ಬಿಡ್ರಿ, ಎಲ್ಲಾರ ಮುಂದ!" ಎಂದಳು ಮೈಲಮ್ಮ. ಆದರೆ ಕೈ ಎಳೆದುಕೊಳ್ಳಲಿಲ್ಲ. ಅದನ್ನು ನೋಡಿ ಶಿವಯೋಗಿ ಸಂಗೀತಾಳ ಕೈ ಹಿಡಿದ. ಆಮೇಲೆ ಹಡಗಲಿ, ಆಮೇಲೆ ಹಗರಿಬೊಮ್ಮನಹಳ್ಳಿ. ನೋಡುನೋಡುತ್ತಿದ್ದಂತೆ ಕಂಬಿಯುದ್ದಕ್ಕೂ ನಮ್ಮ ಕಡೆಯ ಪಂಪ್‌ಸೆಟ್ ಮಹಾಜನರೆಲ್ಲ ಹೆಂಡಿರ ಕೈ ಹಿಡಿದು ಗಂಭೀರವಾಗಿ ಸಮುದ್ರ ನೋಡುತ್ತ ನಿಂತರು.

ಸಾಬರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಬಿಡು, ಎಲ್ಲಾರೂ ನೋಡಾಕ ಹತ್ಯಾರ," ಎಂದು ಕೈ ಕೊಸರಿದರು. ಬೇಗಂ ಬಿಗಿಯಾಗಿ ಹಿಡಿದುಕೊಂಡರು.

"ನೀವು ಬಿಟ್ರ ಅವರೂ ಬಿಡ್ತಾರ. ಮೈಲಮ್ಮನ ಮುಖ ನೋಡ್ರಿ ಒಂದೀಟು, ಎಷ್ಟು ಖುಷಿ ಆಗ್ಯಾಳ. ಸುಮ್ಮನ ಹಿಡ್ಕೊಂಡು ನಿಂದರ್ರಿ."

ಸಾಬರು ನಿಂತರು. ಉಪ್ಪುಗಾಳಿಗೆ ಮೂಗು ವಿಪರೀತ ಕಡಿಯುತ್ತಿತ್ತು. ಇನ್ನೊಂದು ಕೈಯನ್ನು ಮೂಗಿನವರೆಗೆ ಒಯ್ದರು. ಓರೆಗಣ್ಣಿನಿಂದ ನೋಡಿದರೆ ಮೈಲಪ್ಪನ ಕೈಯೂ ಅವನ ಮೂಗಿನತ್ತ ಹೊರಟಿತ್ತು. ಸಾಬರು ಮೆಲ್ಲಗೆ ಕೈ ಕೆಳಗಿಳಿಸಿದರು.