ಡ್ರೈವರಣ್ಣನ ಹೊಟ್ಟೆ ಮತ್ತು ವಸ್ತಿ ಬಸ್ಸು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಬಸ್ ಕಂಡಕ್ಟರ್ ಆಗಿದ್ದವನು. ಟಿಕೆಟ್‌ಗೆ ತೂತು ಹೊಡೆದು ಗೊತ್ತು, ಬರೆದು ಗೊತ್ತಿಲ್ಲ. ಚಂದದ ಸಂಗತಿಯನ್ನು ಹೇಳಿ ಕೆಡಿಸಬಹುದು. ಆದರೆ ನಗುವಂಥದ್ದು ದಿನಾ ಒಂದಾದರೂ ಟಿಕೆಟ್ ಇಲ್ಲದೆ ಬಸ್ಸು ಹತ್ತುತ್ತಿತ್ತು. ಇವು ಎಪ್ಪತ್ತರ ದಶಕದ ಕೊನೆಯವು. ಎಲ್ಲದರಲ್ಲೂ ಇರುವುದು ನನ್ನ ಡ್ರೈವರಣ್ಣ, ಮತ್ತು ಅವನ ಹೊಟ್ಟೆ.

ಹಾರ್ನ್

ಹಾರ್ನಿನ ಗುಂಡಿ ಸ್ಟೇರಿಂಗಿನ ನಟ್ಟನಡುವೆ ಇರುತ್ತದೆ. ಅಣ್ಣನ ಹೊಟ್ಟೆಯೂ ಅಲ್ಲೇ ಇರುತ್ತಿತ್ತು. ನಕ್ಕರೆ ಹಾರ್ನ್ ಆಗುತ್ತಿತ್ತು. ಒಮ್ಮೆ ಶಿಗ್ಗಾಂವಿಯಿಂದ ದುಂಡಸಿಗೆ ಹೋಗುವಾಗ ನಾನೇನೋ ಚಾಷ್ಟಿ ಮಾಡಿದೆ. ಅಣ್ಣ ನಕ್ಕ. ಮುಂದಿದ್ದ ಎತ್ತಿನ ಚಕ್ಕಡಿಯವ ಗಾಬರಿಯಾಗಿ ಪಕ್ಕಕ್ಕೆ ಸರಿದು, "ಹಾದಿ ಬಿಟ್ಟೇನಲ್ಲೋ ನಮ್ಮಪ್ಪಾ, ಇನ್ನೂ ಯಾಕ ಒದರಸ್ತಿ?" ಅಂದ. ಅಣ್ಣ ಅದಕ್ಕೂ ನಕ್ಕ.

ಡ್ರೈವರುಗಳ ಆರೋಗ್ಯ ತಪಾಸಣೆಗೆ ಬರುವ ಡಾಕ್ಟರು ಮಾತ್ರ ನಗಲಿಲ್ಲ. "ಹೊಟ್ಟಿಗೂ ಸ್ಟೇರಿಂಗಿಗೂ ನಡುವ ನನ್ನ ಅಂಗೈ ಹೋಗಬೇಕು. ಮುಂದಿನ ಸಲ ಹೋಗಲಿಲ್ಲಂದ್ರ ನಿನ್ನ ಬಸ್ಸಿನಿಂದ ಇಳಸ್ತೇನಿ" ಅಂದರು. ಇಳಿಯುವುದೆಂದರೆ ಡಿಪೋದಲ್ಲಿ ಟೈರು ಉರುಳಿಸುತ್ತ ಇರುವುದು. ಅಣ್ಣನಿಗೆ ಬಸ್ಸೆಂದರೆ ಜೀವ. ದಾರಿಯುದ್ದಕ್ಕೂ ಮೆಲ್ಲುತ್ತಿದ್ದ ಸವಣೂರಿನ ಖಾರದ ಪೊಟ್ಟಣವನ್ನು ಅಂದೇ ನನ್ನ ಕೈಗೆ ಕೊಟ್ಟುಬಿಟ್ಟ.

ದಿನಾ ಏದುಸಿರು ಬರುವ ಹಾಗೆ ಓಡು, ಜಿಗಿ ಎಂದೂ ಡಾಕ್ಟರು ಹೇಳಿದ್ದರು. ಈಗ ಅದಕ್ಕೆ ಏರೋಬಿಕ್ಸ್ ಅನ್ನುತ್ತಾರೆ. ಆಗ ನಮಗೆ ಹೆಸರು ಗೊತ್ತಿರಲಿಲ್ಲ, ಏದುಸಿರು ಗೊತ್ತಿತ್ತು.

ಹಾನಗಲ್ಲ ಬಂತೇನು?

ಮಂದಿ ಎದುರು ಜಿಗಿಯಲು ಅಣ್ಣನಿಗೆ ನಾಚಿಕೆ. ಹಿರೇಕೆರೂರಿನಲ್ಲಿ ಮಧ್ಯಾಹ್ನ ಬಸ್ಸು ಖಾಲಿ ನಿಂತಿತ್ತು. ಒಳಗೆ ಸೀಟುಗಳ ನಡುವೆ, ಮೇಲಿನ ಸರಳು ಹಿಡಿದು ಜಿಗಿಯತೊಡಗಿದ. ಬಸ್ಸೆಲ್ಲ ಗಡಗಡ. (ಆಗಿನ ಬಸ್ಸುಗಳು ಸುಮ್ಮನೆ ಗಾಳಿ ಬೀಸಿದರೂ ಗಡಗಡ ಅನ್ನುತ್ತಿದ್ದವು, ಅದನ್ನೂ ಹೇಳಬೇಕು.) ಹಿಂದಿನ ಸೀಟಿನಲ್ಲಿ ಒಬ್ಬ ಮುದುಕಿ ಮಲಗಿದ್ದು ನಮಗೆ ಗೊತ್ತಿರಲಿಲ್ಲ. ದಡಕ್ಕನೆ ಎದ್ದಳು, ಗಂಟು ಹೊತ್ತು ಇಳಿದಳು.

"ಹಾನಗಲ್ಲ ಬಂತೇನೋ ತಮ್ಮಾ?"

"ಇಲ್ಲಬೇ ಯವ್ವಾ, ಇದಿನ್ನೂ ಹಿರೇಕೆರೂರ."

"ಹಂಗಾರ ಇಷ್ಟೊತ್ತು ಎಲ್ಲಿಗೆ ಹೋಗಿದ್ವಿ?"

ಓಡ್ರಿ!

ತಿಳವಳ್ಳಿಗೆ ನಮ್ಮದು ವಸ್ತಿ ಬಸ್ಸು. ಅಂದರೆ ರಾತ್ರಿ ಅಲ್ಲೇ ನಿಂತು, ಬೆಳಗಾಗುತ್ತಲೇ ಹಾನಗಲ್ಲಿಗೆ ಹೊರಡುವ ಬಸ್ಸು. ಒಂದು ಬೆಳಿಗ್ಗೆ, ಯಾರೂ ಎದ್ದಿಲ್ಲವೆಂದುಕೊಂಡು ಅಣ್ಣ ಹಾನಗಲ್ ರಸ್ತೆಯಲ್ಲಿ ಓಡತೊಡಗಿದ. ಬೆಳೆದ ಗಂಡಸು ಕಾರಣವಿಲ್ಲದೆ ಓಡುವುದನ್ನು ಆ ಊರು ಕಂಡಿರಲಿಲ್ಲ. ಊರ ಗೌಡರು ತಡೆದು, "ಯಾಕ್ರಿ ಡ್ರೈವರ, ಎತ್ತಾಗ ಓಡಾಕತ್ತೀರಿ?" ಅಂದರು. ಹೊಟ್ಟೆಯ ವಿಷಯ ಹೇಳಲು ನಾಚಿಕೆ, ಮೇಲೆ ಏದುಸಿರು. "ಬಸ್ಸು... ಬಸ್ಸು..." ಅಂದನಷ್ಟೇ.

ಗೌಡರು ಊರೆಲ್ಲ ಏಳುವ ಹಾಗೆ ಕೂಗಿದರು: "ಬಸ್ಸು ಡ್ರೈವರನ್ನ ಬಿಟ್ಟು ಹೋತ್ರಲೇ! ಓಡ್ರಿ!"

ಸಂತೆಗೆ ಹೊರಟವರು ಚೀಲ ಹೊತ್ತು, ಕೋಳಿ ಅವುಚಿಕೊಂಡು ಓಡಿದರು. ಬಸ್ಸಿನ ಮೇಲೆ ಮಲಗಿದ್ದ ನಾನು ಎದ್ದು "ಬಸ್ಸು ಇಲ್ಲೇ ಐತ್ರೀ!" ಎಂದರೆ ಯಾರೂ ತಿರುಗಲಿಲ್ಲ. ಬೆನ್ನಹಿಂದೆ ಅಷ್ಟು ಜನ ಕಂಡು ಅಣ್ಣ ಇನ್ನೂ ಜೋರಾಗಿ ಓಡಿದ.

ಆಮೇಲೆ ಅಣ್ಣನ ಓಟವೇ ಊರಿನ ಗಡಿಯಾರವಾಯಿತು. ಅಣ್ಣ ಓಡಿ ಬಂದನೆಂದರೆ ಬಸ್ಸು ಬಿಡುವ ಹೊತ್ತು. ಅವನು ಮಲಗಿಬಿಟ್ಟರೆ ಜನರೇ ಎಬ್ಬಿಸುತ್ತಿದ್ದರು: "ಏಳ್ರಿ, ಓಡ್ರಿ, ನಮಗ ಹೊತ್ತಾಕ್ಕತಿ!"

ಮುಂದಿನ ತಪಾಸಣೆಯಲ್ಲಿ ಡಾಕ್ಟರ ಅಂಗೈ ಸಲೀಸಾಗಿ ಹೋಯಿತು. "ಏನ್ ಮಾಡಿದ್ಯೋ?" ಅಂದರು.

"ಏನಿಲ್ರಿ ಸಾಹೇಬ್ರ, ದಿನಾ ಬಸ್ಸು ತಪ್ಪತೈತಂತ ಓಡಿದೆ."

"ಯಾವ ಬಸ್ಸೋ?"

"ನಾ ಹೊಡಿಯೋ ಬಸ್ರಿ."

ಆಮೇಲೆ ಅಣ್ಣ ನಕ್ಕರೆ ಹಾರ್ನ್ ಆಗಲಿಲ್ಲ. ನನಗೆ ಬೇಜಾರೇ ಆಯಿತು. ಈಗಲೂ ದೂರದಲ್ಲಿ ಹಾರ್ನ್ ಕೇಳಿದರೆ ಯಾರೋ ನಗುತ್ತಿದ್ದಾರೆ ಅನ್ನಿಸುತ್ತದೆ.

ಇಲ್ಲಿ ನಗು ಯಾಕೆಂದರೆ, ಬಸ್ಸು ಓಡಿಸುವವನೇ ಬಸ್ಸು ತಪ್ಪೀತೆಂದು ಓಡುವುದು, ಅಂದರೆ ಅವನಿಲ್ಲದೆ ಬಸ್ಸು... ತಡೆಯಿರಿ, ಒಳಗಿಂದ ಮನೆಯವಳು ಕೂಗುತ್ತಿದ್ದಾಳೆ.

"ಲಗೂ ಬರ್ರೀ, ಮಿರ್ಚಿ ಭಜಿ ಆರಾಕತ್ತಾವು! ನಿಮ್ಮ ಡ್ರೈವರಣ್ಣ ಆಗಲೇ ಅರ್ಧ ತಾಟು ಖಾಲಿ ಮಾಡ್ಯಾರ!"