ಎರಡು ಸರ್ಕಾರ, ಒಂದು ಹಳ್ಳ

ಇಲ್ರೀ, ನಾ ಯಾರ ಗೂಢಚಾರನೂ ಅಲ್ಲ. ನೀವು ಬಾಯಿ ಬಿಟ್ಟು ಕೇಳಿಲ್ಲ, ಖರೇ ಅದ. ಆದ್ರ ಕಲಬುರಗಿಯಾಗ ನಾ ನಿಜಾಮ ಸರ್ಕಾರದ ಕಚೇರಿಗಿ ಕಾಲಿಟ್ಟ ದಿನದಿಂದ ಎಲ್ಲಾರೂ ನನ್ನ ನಿಮ್ಮಂಗೇ ನೋಡ್ತಾರ. ಹೈದರಾಬಾದಿಗಿ ಕಾಲೇಜು ಕಲೀಲಾಕ ಹೋದವ ನಡುವೇ ಬಂದಾನ ಅಂದ್ರ ಏನೋ ಮಾಡಿಕೊಂಡೇ ಬಂದಾನ ಅಂತ ಮಂದಿ ಅನುಮಾನ. ಏನೂ ಮಾಡಿಲ್ರೀ. ಏನೂ ಮಾಡಲಿಲ್ಲ ಅಂತೇ ಕಾಲೇಜಿನವ್ರು ಹೊರಗ ಹಾಕಿದ್ದು.

ನನ್ನ ಕಾಕಾ ಆ ಕಚೇರಿಯಾಗ ಪೇಶ್ಕಾರ. ನಮ್ಮ ಸರ್ಕಾರದ ಒಂದು ಊರು ಹೆಂಗೋ ತಪ್ಪಿಸಿಕೊಂಡು ದೂರ ಇಂಗ್ರೇಜರ ಸೀಮಿ ನಡುವ ಹೋಗಿ ಕುಂತದ. ಸುತ್ತ ಎಲ್ಲಾ ಅವರ ನೆಲ. ಆ ಊರನ್ನ ಆಳೋದು ಕಾಕಾನ ಕೆಲಸ. ಅವರ್ದೂ ಒಂದು ಊರು ನಮ್ಮ ಸೀಮಿ ಒಳಗ ಎಲ್ಲೋ ಸಿಕ್ಕಿಬಿದ್ದದ ಅಂತಿದ್ರು. ಇಂಥ ಊರುಗಳನ್ನ ಹೆಂಗ ಆಳಬೇಕು ಅಂತ ಎರಡೂ ಕಡಿಯವ್ರು ಒಬ್ಬರನ್ನ ನೋಡಿ ಒಬ್ಬರು ಕಲೀಬೇಕಂತ. ಮೊದಲು ಮುಂಬೈ ಕೌನ್ಸಿಲಿನ ಮೆಂಬರ್ ಸಾಹೇಬ್ರು ನಮ್ಮ ಕಡಿ ಬರೋದು, ಆಮ್ಯಾಲ ನಮ್ಮ ಮೆಂಬರು ಅವರ ಕಡಿ ಹೋಗೋದು.

"ಕಲೀಲಾಕ ಬರಾಕತ್ತಿಲ್ಲ ತಮ್ಮಾ, ಕಸೀಲಾಕ ಬರಾಕತ್ತಾರ" ಅಂದ್ರು ಕಾಕಾ. ಬಂದವರನ್ನ ಉಪಚರಿಸೋ ಮೇಜ್ಬಾನಿ ಕೆಲಸಕ್ಕ ನನ್ನ ಹಚ್ಚಿದ್ರು. ಅಂದಿನಿಂದ ಒಂದಿಲ್ಲೊಂದು ನಡದೇ ಅದ.

ಮುಂದಿನ ಕಚೇರಿ

ನಾ ಕೆಲಸಕ್ಕ ಸೇರಿದ ದಿನ ಒಬ್ಬ ಮುದುಕ ಗೌಡ ಬಂದ. ದೋತರ ಮೊಣಕಾಲ ತನಕ ಕೆಸರಾಗಿತ್ತು.

"ಸಾಹೇಬ್ರ, ನಮ್ಮೂರ ಹಳ್ಳಕ್ಕ ಒಂದು ಸೇತುವಿ ಕಟ್ಟಿಸಿ ಕೊಡ್ರಿ. ಹೋದ ಮಳಿಗಾಲದಾಗ ದೊಡ್ಡ ಸೊಸಿಗಿ ಬ್ಯಾನಿ ಬಂತು. ಹಳ್ಳ ತುಂಬಿ ಹರೀತಿತ್ತು. ಸೂಲಗಿತ್ತಿ ಆ ದಂಡಿ ಮ್ಯಾಲ ನಿಂತು ಒದರಿ ಒದರಿ ಹೇಳಿದ್ಲು, ಈ ದಂಡಿ ಮ್ಯಾಲ ನಾವು ಹೆರಿಗಿ ಮಾಡಿಸಿದ್ವಿ. ಈಗ ಸಣ್ಣ ಸೊಸಿ ಬಸುರಿದ್ದಾಳ. ಮಳಿ ಬರೋದ್ರೊಳಗ ಸೇತುವಿ ಆಗಬೇಕ್ರೀ."

ಕಾಕಾ ಊರ ಹೆಸರು ಸೈತ ಕೇಳಲಿಲ್ಲ. "ಇದು ನಮ್ಮ ಕಚೇರಿದಲ್ಲ. ಮುಂದಿನ ಕಚೇರಿಗಿ ಹೋಗು."

"ಅಲ್ಲಿಂದೇ ಬಂದೀನ್ರೀ."

"ಹಂಗಾದ್ರ ಅದರ ಹಿಂದಿನದಕ್ಕ ಹೋಗು."

"ಅದು ಇದೇ ಅಲ್ರೀ?"

ಕಾಕಾ ಎದ್ದು ಊಟಕ್ಕ ಹೋದ್ರು. ಹೊತ್ತು ಇನ್ನೂ ಮುಂಜಾನಿ ಇತ್ತು.

ಚಹಾ

ಮೆಂಬರ್ ಸಾಹೇಬ್ರು ರೈಲಿನಿಂದ ಇಳದ್ರು. ಹುಟ್ಟಿದ್ದು ಬೆಳಗಾವಿ ಕಡಿ, ಇರೋದು ಮುಂಬೈದಾಗ. ಅವರಿಗಿ ಕನ್ನಡ ಬರ್ತಿತ್ತು, ಆದ್ರ ನಮ್ಮ ಕನ್ನಡದ ಮ್ಯಾಲ ನಂಬಿಕಿ ಇರಲಿಲ್ಲ. ಸಂಗಾಟ ಒಬ್ಬ ಕಾರಕೂನ. ಅವನ ಬಗಲಾಗ ಕುಡಿಯೋ ನೀರಿನ ತಂಬಿಗಿ, ಮುಂಬೈದಿಂದ ತುಂಬಿಸಿಕೊಂಡು ಬಂದಿದ್ದು.

ಕಚೇರಿಯಾಗ ಚಹಾ ಇಟ್ಟೆ.

"ತಗೋರಿ" ಅಂದ್ರು ಕಾಕಾ.

"ಮೊದಲು ನೀವು ತಗೋರಿ" ಅಂದ್ರು ಸಾಹೇಬ್ರು.

"ಮೆಹಮಾನ್ರು ಮೊದಲು."

"ಮನಿ ಯಜಮಾನ್ರು ಮೊದಲು."

ಚಹಾ ಆರಿ ಕೆನಿ ಕಟ್ತು. ಕಡೀಕ ನಾನೇ ಎರಡೂ ಕಪ್ಪು ಎತ್ತಿ ಕುಡದೆ. ಸಾಹೇಬ್ರು, ಕಾರಕೂನ, ಕಾಕಾ ಮೂರೂ ಮಂದಿ ನನ್ನ ಮಾರಿನೇ ನೋಡಿಕೋತ ಕುಂತರು. ನಾ ಬದುಕಿದ್ದು ಖಾತ್ರಿ ಆದ ಮ್ಯಾಲ ಸಾಹೇಬ್ರು "ಇನ್ನೊಂದು ಸುತ್ತು ತರಿಸ್ರಿ" ಅಂದ್ರು. ಆದ್ರ ಚಹಾಪುಡಿ ತೀರಿತ್ತು. ನಮ್ಮ ಕಾಕಾ ಅಷ್ಟು ವಿಷಾನೂ ಪುಕ್ಕಟ ಕೊಡೋರಲ್ಲ, ಅದು ಪಾಪ ಅವರಿಗಿ ಗೊತ್ತಿರಲಿಲ್ಲ.

ಹಿಂದ ಹಿಂದ

ಸಂಜಿಗಿ ಕಾರಕೂನ ತಿರುಗಾಡಲಾಕ ಹೊಂಟ. ಕಾಕಾ ನನ್ನ ಕಿವ್ಯಾಗ "ಅವನ ಹಿಂದ ಹೋಗು, ಏನು ನೋಡ್ತಾನ ನೋಡು" ಅಂದ್ರು.

ಹೋದೆ. ಜಗತ್ ಓಣಿ ಕಡಿ ಬರೋದ್ರಾಗ ಅವ ಕಾಣಲಿಲ್ಲ. ತಿರುಗಿ ನೋಡಿದ್ರ ನನ್ನ ಹಿಂದ ನಿಂತಾನ! ನಾ ಸರದು ಅವನ ಹಿಂದ ಹೋದ್ರ, ಅವ ಬಳಿ ಅಂಗಡಿ ಸುತ್ತು ಹಾಕಿ ಮತ್ತ ನನ್ನ ಹಿಂದ. ಮೂಲಿಗಿದ್ದ ದರ್ಜಿ ಹೊಲಿಗಿ ಬಿಟ್ಟು "ಕ್ಯಾ ಮಿಯಾಂ, ಯಾರದರ ಲಗ್ನದ ಸುತ್ತೇನು?" ಅಂತ ಕೇಳಿದ.

ಕಾಲು ನೋಯಾಕತ್ತಿದ್ವು. ಕಾರಕೂನ ಕೈ ಮುಗದ. "ಮಾರಾಯ, ನೀ ಏನು ನೋಡ್ತಿ ನೋಡಿ ಬಾ ಅಂತ ನಮ್ಮ ಸಾಹೇಬ್ರು ಕಳಿಸ್ಯಾರ. ನೀ ಏನಾದ್ರೂ ನೋಡಪಾ, ನಾ ಹೋಗಿ ಹೇಳ್ತೀನಿ."

ಇಬ್ಬರೂ ಕೂಡಿ ಒಂದು ಗೋಡಿ ನೋಡಿದ್ವಿ. ಮರುದಿನ ಎರಡೂ ಸರ್ಕಾರದವ್ರು ಆ ಗೋಡಿ ಹತ್ರ ಕಾವಲು ಹಾಕಿದ್ರು.

ಭೀಮಾನದಿ

ಊಟ ಮುಗಿಸಿ ಸಾಹೇಬ್ರು ಕೇಳಿದ್ರು. "ಅಷ್ಟು ದೂರದ ಊರನ್ನ ನೀವು ಹೆಂಗ ಆಳ್ತೀರಿ?"

"ದೂರದಿಂದ" ಅಂದ್ರು ಕಾಕಾ.

"ಹಂಗಾದ್ರ ನಾಳಿಗಿ ಆ ಊರು ತೋರಸ್ರಿ."

ಕಾಕಾನ ಮಾರಿ ಬಿಳೀ ಆತು. ಯಾಕಂದ್ರ ಇಡೀ ನೌಕರಿಯಾಗ ಅವರು ಆ ಊರಿಗಿ ಒಮ್ಮೆನೂ ಹೋಗಿರಲಿಲ್ಲ. ದಾರಿ ಸೈತ ಗೊತ್ತಿರಲಿಲ್ಲ. ನನ್ನ ಹೊರಗ ಎಳಕೊಂಡು ಹೋದ್ರು. "ತಮ್ಮಾ, ಕಮಲಾಪುರದ ಕಡಿ ಯಾವುದರ ಹಳ್ಳಿ ಗೊತ್ತು ಮಾಡು. ಅದೇ ನಮ್ಮೂರು ಅಂತ ತೋರಸೋಣು. ಖರೇ ಊರು ಭೀಮಾದ ಆಚಿಗಿ ಅದ ಅಂತಾರ, ಮುಂಬೈ ಮನಷ್ಯಾಗ ಒಂದು ಹಳ್ಳ ದಾಟಿಸಿದ್ರ ಅದೇ ಭೀಮಾನದಿ."

ನಾ ಕುದ್ರಿ ಹತ್ತಿ ಕಮಲಾಪುರಕ್ಕ ಹೋದೆ. ಬಾಜಾರದಾಗ ಕೆಂಪು ಬಾಳಿಗೊನಿ ಮಾರಾಕತ್ತಿದ್ದವ ಯಾರು? ಅದೇ ಗೌಡ! ವಿಷಯ ಹೇಳ್ದೆ.

"ಆಗ್ಲೇಳು" ಅಂದ. "ನಂದು ಒಂದೇ ಮಾತು. ಎರಡೂ ಸರ್ಕಾರದವ್ರು ನನ್ನ ಮನಿ ಒಳಗ ಬಂದು ಕೂಡಬೇಕು."

"ಇಷ್ಟೇನಾ?"

"ಇಷ್ಟೇ."

ಕಾಕಾಗ ಇದು ಸರಿ ಬರಲಿಲ್ಲ. "ಏನೂ ಕೇಳದ ಗೌಡನ್ನ ನಾ ಇನ್ನೂ ಕಂಡಿಲ್ಲ" ಅಂದ್ರು. ಆದ್ರ ಬ್ಯಾರೆ ದಾರಿ ಎಲ್ಲದ?

ಸಾಹೇಬ್ರನ್ನ ಪರದಾ ಕಟ್ಟಿದ ಟಾಂಗಾದಾಗ ಕುಂದ್ರಿಸಿದ್ವಿ. ಧೂಳು ಬರ್ತದ್ರೀ ಅಂತ ಹೇಳಿದ್ವಿ. ಊರು ಭಾಳ ದೂರ ಅನಸಬೇಕಲ್ಲ, ಅದಕ್ಕ ಮೊದಲು ಕಲಬುರಗಿ ಮಗ್ಗಲಿನ ಕುಸನೂರ ಸುತ್ತ ಎರಡು ಮೂರು ಸಲ ಸುತ್ತಿಸಿದ್ವಿ. ಸಾಹೇಬ್ರು ಪರದಾ ಸರಿಸಿ ಹಣಿಕಿ ಹಾಕಿದ್ರು. "ಆ ಎಮ್ಮಿ ಮೇಸೋ ಮುದುಕಿನ್ನ ಆಗ್ಲೇ ನೋಡಿದಂಗ ಆತಲ್ಲ?"

ನಾ ಹೇಳ್ದೆ, "ನಮ್ಮ ಸೀಮ್ಯಾಗ ಮುದುಕೇರು ಎಲ್ಲಾ ಒಂದೇ ಥರ ಇರ್ತಾರ್ರೀ."

"ಎಮ್ಮಿ?"

"ಎಮ್ಮಿ ಎಲ್ಲಾ ಸೀಮ್ಯಾಗೂ ಒಂದೇ ಥರ್ರೀ."

ರಾತ್ರಿ ಕಮಲಾಪುರದ ಮುಸಾಫಿರಖಾನಿಯಾಗ ಇದ್ದು, ಮುಂಜಾನಿ ಹಳ್ಳಕ್ಕ ಬಂದ್ವಿ. ಸಾಹೇಬ್ರು ಪಾಟಲೋನು ಮಡಚಿ ಇಳದ್ರು, ಕಾಲು ಜಾರಿ ನಡ ತನಕ ತೊಯ್ದರು. ಆಚಿ ದಂಡಿಗಿ ಹತ್ತಿ ನಡುಗಿಕೋತ ಅಂದ್ರು. "ಭೀಮಾ ಭಾಳ ದೊಡ್ಡ ನದಿ ಅಂತ ಕೇಳಿದ್ದೆ. ಖರೇ ಅದ."

ಜಗಲಿ ಮ್ಯಾಲಿನ ದೇವರು

ಗೌಡನ ಮನಿ ಒಳಗ ಕಂಬಳಿ ಹಾಸಿತ್ತು. ಬಾಳಿಹಣ್ಣು, ಹಾಲು, ಖಡಕ್ ರೊಟ್ಟಿ. ಸಾಹೇಬ್ರು ಖುಷ್ ಆದ್ರು. "ಪೇಶ್ಕಾರ್ರೇ, ಇಷ್ಟು ದೂರದ ಊರನ್ನ ಎಷ್ಟು ಚಂದ ಇಟ್ಟೀರಿ! ನಮ್ಮ ಊರೂ ಹಿಂಗ ಇರಬೇಕು."

ಕಾಕಾ ಮೀಸಿ ತಿರುವಿದ್ರು. "ಎಲ್ಲಾ ಸರ್ಕಾರದ ಮೆಹರ್ಬಾನಿ."

ಆಗ ಸಾಹೇಬ್ರು ದೇವರ ಜಗಲಿ ಕಡಿ ನೋಡಿದ್ರು. ಅಲ್ಲಿ ಮೈ ತುಂಬ ಭಂಡಾರ, ಕುಂಕುಮ ಹಚ್ಚಿಕೊಂಡು ಒಂದು ಕಲ್ಲು ಕುಂತಿತ್ತು. "ಇದು ಯಾವ ದೇವರು?"

"ಗೊತ್ತಿಲ್ರೀ" ಅಂದ ಗೌಡ. "ನಮ್ಮಜ್ಜನ ಕಾಲದಾಗ ಕೆಂಪು ಮಾರಿ ದೊರೆಗೋಳು ಬಂದು ಊರ ಸೀಮಿಗಿ ನಟ್ಟು ಹೋದ್ರಂತ. ಆಮ್ಯಾಲ ಈ ಕಡಿ ಯಾರೂ ಹಣಿಕಿ ಹಾಕಿಲ್ಲ. ಒಮ್ಮೆ ಬಂದು ಮತ್ತ ಕಾಣದವ್ರು ದೇವರೇ ಇರಬೇಕು ಅಂತ ಒಳಗ ತಂದು ಪೂಜಿ ಮಾಡ್ತೀವಿ."

ಹಸಿ ಟವೆಲ್ಲಿಲೆ ಕಲ್ಲು ಒರಸಿದ. ಕುಂಕುಮ ಹೋತು. ಇಂಗ್ರೇಜಿ ರಾಜನ ಕಿರೀಟ ಎದ್ದು ಬಂತು.

ಕಾರಕೂನನ ಕೈಯಾನ ತಂಬಿಗಿ ಬಿತ್ತು. "ಸಾಹೇಬ್ರ, ಇದು ನಮ್ಮ ಗಡಿಕಲ್ಲು! ಕಳದಿದ್ದ ನಮ್ಮೂರು ಇದೇ!"

ಸಾಹೇಬ್ರು ಎದ್ದು ನಿಂತರು. "ಹಾಂ! ಅದಕ್ಕೇ ಇಷ್ಟು ಚಂದ ಅದ! ಇದು ನಮ್ಮ ಆಡಳಿತ!"

"ಏನ್ರೀ? ಈಗಿನ್ನೂ ನಮ್ದು ಅಂತ ಹೊಗಳಿದ್ರಿ!" ಕಾಕಾನೂ ಎದ್ರು. "ಊರು ನಮ್ದು!"

"ಕಲ್ಲು ನಮ್ದು!"

"ಕಲ್ಲು ಒಯ್ರಿ, ಊರು ಇಡ್ರಿ!"

ಗೌಡ ನಡುವ ಬಂದ. "ಹಂಗಾದ್ರ ನಾ ಯಾರನ್ನ ಕೇಳಲಿ? ಕಲಬುರಗಿಗಿ ಹೋದ್ರ ಮುಂದಿನ ಕಚೇರಿ ಅಂತೀರಿ. ಇಂಗ್ರೇಜರ ಸೊಲ್ಲಾಪುರಕ್ಕ ಹೋದ್ರ ನೀ ನಿಜಾಮರವ ಅಂತೀರಿ. ಸಣ್ಣ ಸೊಸಿಗಿ ದಿನ ತುಂಬ್ಯಾವ, ಮೋಡ ಕಟ್ಟಾಕತ್ಯದ. ಹಳ್ಳಕ್ಕ ಸೇತುವಿ ಯಾರು ಕಟ್ತೀರಿ?"

ಒಳಗ ಬೀಸಾಕತ್ತಿದ್ದ ಸಣ್ಣ ಸೊಸಿ ಎದ್ದು ಬಾಗಲಿಗಿ ಬಂದು ನಿಂತ್ಲು.

ಕಾಕಾ ಕೆಮ್ಮಿದ್ರು. "ನಿಮ್ಮ ಕಲ್ಲು ನೋಡಿದ್ರ... ಊರು ನಿಮ್ದೇ ಅನಸ್ತದ್ರೀ ಸಾಹೇಬ್ರ."

"ಛೇ ಛೇ, ಕಲ್ಲು ಹಳೇದು. ಇಲ್ಲಿ ನಿಮ್ದೇ ಆಡಳಿತ ಅದ ಅಂತ ನೀವೇ ಹೇಳಿದ್ರಿ."

"ನಿಮ್ಮ ರಾಜರ ಕಿರೀಟ ಅದ. ನಾವು ಹೆಂಗ ಮುಟ್ಟೋದು?"

"ನಿಮ್ಮ ಮೆಹರ್ಬಾನಿ ಅದ. ನಾವು ಹೆಂಗ ಅಡ್ಡ ಬರೋದು?"

ಗೌಡ ಒಬ್ಬರ ಮಾರಿ ನೋಡಿದ, ಇನ್ನೊಬ್ಬರ ಮಾರಿ ನೋಡಿದ. ಸೊಸಿನ್ನ ಹಿತ್ತಲ ಕಡಿಯಿಂದ ಹೊರಗ ಕಳಿಸಿದ, ಆ ಕದಾ ಆಚಿಗಿಂದ ಹಾಕಿಕೋ ಅಂತ ಹೇಳಿದ. ನಮ್ಮ ಮುಂದ ಬಾಳಿಹಣ್ಣಿನ ಬುಟ್ಟಿ ತಂದಿಟ್ಟ. ತಲಿಬಾಗಲ ಹೊಚ್ಚಲ ದಾಟಿ ತಿರುಗಿ ನಿಂತ.

"ಹಣ್ಣು ಅದಾವ, ನೀರು ಅದ. ಮಾತಾಡ್ರಿ. ಸೇತುವಿ ಕಟ್ಟೋ ಸರ್ಕಾರ ಯಾವುದಂತ ನಿಕ್ಕಿ ಆದ ಮ್ಯಾಲ ಒದರ್ರಿ. ಅದರ ಮಂದಿನ್ನ ಮೊದಲು ಹೊರಗ ಬಿಡ್ತೀನಿ."

ಕದಾ ಎಳದು, ಹೊರಗಿನಿಂದ ಚಿಲಕ ಹಾಕಿದ.